ಲಿರಿಕ್ ಟಾಕೀಸಿನ ಕಾರ್ಪೆಟ್ ಅಂಗಡಿ

ಅಬರಿಸ್ಟ್ವಿತ್, ವೇಲ್ಸ್
4 ಫೆಬ್ರವರಿ 1981

ಮಾನ್ಯ ಟಿಡ್ಮಾರ್ಶ್ ಸರ್,

ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚುವುದು ಬಿಟ್ಟರೆ ನಾನು ನಿಮಗೆ ಸರಿಯಾದ ಕಾಗದ ಬರೆದು ಯಾವ ಕಾಲವಾಯಿತೋ. ಈಗ ಬರೆಯುತ್ತಿರುವುದೂ ಸ್ವಾರ್ಥಕ್ಕೇ. ಹಾಲ್ಟನ್ ಗ್ರೀನ್ ಗ್ರಂಥಾಲಯದ ಮಿಸೆಸ್ ಲೇಸಿ ಎಂಬವರು ನನ್ನನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದಾರೆ. ನಮ್ಮ ಲಿರಿಕ್ ಟಾಕೀಸಿನ ಚರಿತ್ರೆಯನ್ನು ಒಂದು ಸಣ್ಣ ಪುಸ್ತಕವಾಗಿ ತರಬೇಕಂತೆ. ಬರೆಯುವವನು ನಾನಂತೆ! ಜೀವನವಿಡೀ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಜನರ ತಲೆಯ ಹಿಂಭಾಗ ಮಾತ್ರ ನೋಡಿದವನು ನಾನು. ಮುಖ ನೋಡಿದವರು ನೀವು. ಬಾಗಿಲಲ್ಲಿ ನಿಂತು ಪ್ರತಿಯೊಬ್ಬರಿಗೂ ಶುಭಸಂಜೆ ಹೇಳಿದವರು ನೀವು.

ಈಗ ಆ ಕಟ್ಟಡದಲ್ಲಿ ಕಾರ್ಪೆಟ್ ಅಂಗಡಿ ಇದೆಯಲ್ಲ, ಅವರು ಒಳ್ಳೆಯ ಮನಸ್ಸು ಮಾಡಿ ಬಾಗಿಲ ಪಕ್ಕದ ಗೋಡೆಯ ಮೇಲೆ ನಮ್ಮ ಹಳೆಯ ಫೋಟೋಗಳನ್ನು ತೂಗುಹಾಕಲು ಒಪ್ಪಿದ್ದಾರೆ. ಮೇ 16, ಶನಿವಾರ ಬೆಳಿಗ್ಗೆ ಹಳೆಯ ಸಿಬ್ಬಂದಿಯೆಲ್ಲ ಅಲ್ಲಿ ಸೇರುವುದು. ಟಾರ್ಚ್ ಹಿಡಿಯುತ್ತಿದ್ದ ಮಾವಿಸ್ ಬರುತ್ತಾಳೆ, ಟಿಕೆಟ್ ಕಿಟಕಿಯ ಮಿಸ್ ಗೋರ್ ಬರುತ್ತಾರೆ. ನೀವು ನಿಮ್ಮ ಕಪ್ಪು ಸಂಜೆ ಸೂಟು, ಬೋ ಟೈ ತೊಟ್ಟು ಮೊದಲಿನ ಜಾಗದಲ್ಲೇ ನಿಂತು ನಮ್ಮನ್ನು ಒಳಗೆ ಕರೆಯಬೇಕು. ಇಲ್ಲ ಅನ್ನಬೇಡಿ. ಮದುಮಗನಿಲ್ಲದೆ ಮದುವೆ ನಡೆಯುವುದುಂಟೆ?

ನಮ್ಮ ಮನೆಯವಳು ಡಿಲಿಸ್ ನಿಮ್ಮನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ.

ನಿಮ್ಮ ವಿಧೇಯ,
ಲೆನ್ ಪರ್ಸ್ಲೋ

⁂

ಹಾಲ್ಟನ್ ಗ್ರೀನ್, ಬರ್ಮಿಂಗ್‌ಹ್ಯಾಮ್
15 ಫೆಬ್ರವರಿ 1981

ಪ್ರಿಯ ಪರ್ಸ್ಲೋ ಅವರೇ,

ನಿಮ್ಮ ಕಾಗದ ಓದಿ ಸಂತೋಷವಾಯಿತು. ಚರಿತ್ರೆ ಬರೆಯುವುದಾದರೆ ಸರಿಯಾಗಿ ಬರೆಯಿರಿ. ಕೆಳಗಿನದನ್ನು ಗುರುತು ಹಾಕಿಕೊಳ್ಳಿ.

ಲಿರಿಕ್ ಬಾಗಿಲು ತೆರೆದದ್ದು 1937ರ ಅಕ್ಟೋಬರಿನಲ್ಲಿ. ಆಗ ಸುತ್ತ ಇನ್ನೂ ಎಲೆಕೋಸಿನ ಹೊಲಗಳಿದ್ದವು, ಮನೆಗಳು ಆಮೇಲೆ ಬಂದವು. ಸಾಲುಮನೆಗಳ ಹೆಂಗಸರು ತಮ್ಮ ಮನೆಯಲ್ಲಿಲ್ಲದ ಮೂರು ವಸ್ತುಗಳಿಗಾಗಿ ನಮ್ಮಲ್ಲಿಗೆ ಬರುತ್ತಿದ್ದರು: ಬೆಚ್ಚನೆಯ ಗಾಳಿ, ದೊಡ್ಡ ಕನ್ನಡಿ, ಕಾಲು ಹೂತುಹೋಗುವಂಥ ಹಾಸು. ಸಿನಿಮಾ ನಾಲ್ಕನೆಯದು. ಯುದ್ಧದಲ್ಲಿ ಒಂದು ಬಾಂಬು ಪಕ್ಕದ ಬೀದಿಗೆ ಬಿದ್ದು ಮುಂಭಾಗದ ಗಾಜೆಲ್ಲ ಪುಡಿಯಾಯಿತು. ಮರುದಿನ ಹಲಗೆ ಹೊಡೆದು ಆಟ ನಡೆಸಿದರು. ನಾನು ಮ್ಯಾನೇಜರನಾಗಿ ಬಂದದ್ದು 1951ರಲ್ಲಿ. ಶನಿವಾರ ಬೆಳಗಿನ ಮಕ್ಕಳ ಆಟವನ್ನು ಮರೆಯಬೇಡಿ. ಒಬ್ಬ ಪುಂಡ ಟಿಕೆಟ್ ಕೊಂಡು ಒಳಗೆ ಹೋಗಿ, ಪಕ್ಕದ ಬಾಗಿಲಿನ ಅಗುಳಿ ತೆಗೆದು, ಐದು ಪುಂಡರನ್ನು ಬಿಟ್ಟುಕೊಳ್ಳುತ್ತಿದ್ದ. ಅವರು ಹೋಗಿ ಪರದೆಗಳ ಹಿಂದೆ ನಿಲ್ಲುತ್ತಿದ್ದರು. ಮೂರ್ಖರು. ಪರದೆ ನೆಲಕ್ಕಿಂತ ಗೇಣು ಮೇಲಿತ್ತು, ಬೂಟುಗಳೆಲ್ಲ ಕಾಣುತ್ತಿದ್ದವು.

ಆಮೇಲೆ ಮನೆಮನೆಗೆ ಟಿವಿ ಬಂತು. 1974ರ ಕೊನೆಯ ಆಟಕ್ಕೆ ಒಂದು ಬಸ್ಸು ತುಂಬುವಷ್ಟೂ ಜನರಿರಲಿಲ್ಲ. ರಾಷ್ಟ್ರಗೀತೆ ಮುಗಿಯುವವರೆಗೆ ನಿಂತವರು ನಾವಿಬ್ಬರೇ, ನೀವು ಮೇಲೆ, ನಾನು ಕೆಳಗೆ. ಆಮೇಲೆ ಎರಡು ವರ್ಷ ಬಿಂಗೋ ಜೂಜು ಆಡಿಸಿದರು, ಆಮೇಲೆ ಕಾರ್ಪೆಟ್ಟು. ಇಳಿಜಾರು ನೆಲಕ್ಕೆ ಕಾಂಕ್ರೀಟು ಸುರಿದು ಸಮ ಮಾಡಿದ್ದಾರೆ. ಹೂಬಳ್ಳಿಯ ಚಾವಣಿಯ ಕೆಳಗೆ ಬಿಳಿ ಹಲಗೆಗಳ ಇನ್ನೊಂದು ಚಾವಣಿ ಹಾಕಿದ್ದಾರೆ.

ನಾನು ಆಗಾಗ ಆ ಕಡೆ ಹೋಗಿ ನೋಡಿಬರುವುದುಂಟು.

ಮೇ 16ರ ವಿಷಯ ಈಗಲೇ ಹೇಳಲಾರೆ. ಆ ಸುಮಾರಿಗೆ ನನಗೆ ಬೇರೆ ಕೆಲಸಗಳಿರಬಹುದು.

ಇಂತು,
ಎ. ಟಿಡ್ಮಾರ್ಶ್

⁂

ಅಬರಿಸ್ಟ್ವಿತ್
1 ಮಾರ್ಚ್ 1981

ಮಾನ್ಯ ಸರ್,

ಬೇರೆ ಕೆಲಸ! ನಿವೃತ್ತರಾದ ಮೇಲೂ ನಿಮಗೆ ಪುರುಸೊತ್ತಿಲ್ಲವೆಂದರೆ ನಂಬುವುದು ಹೇಗೆ? ನಾನು ಇಲ್ಲಿ ಬೆಳಿಗ್ಗೆ ಸಮುದ್ರ ನೋಡುತ್ತೇನೆ, ಮಧ್ಯಾಹ್ನ ಅದೇ ಸಮುದ್ರವನ್ನು ಇನ್ನೊಂದು ಬೆಂಚಿನಿಂದ ನೋಡುತ್ತೇನೆ. ನೀವು ಏನು ಮಾಡುತ್ತಿದ್ದೀರಿ, ಸ್ವಲ್ಪ ಬರೆಯಬಾರದೆ? ನಿಮ್ಮ ಶ್ರೀಮತಿ ನೋರಾ ಅವರು ತೀರಿಕೊಂಡ ಮೇಲೆ ನೀವು ಹೇಗಿದ್ದೀರೋ ಎಂದು ಡಿಲಿಸ್ ಕೇಳುತ್ತಲೇ ಇರುತ್ತಾಳೆ. ನನಗೆ ಹೇಳಲು ಏನೂ ಇರುವುದಿಲ್ಲ.

ಚರಿತ್ರೆ ಮುಕ್ಕಾಲು ಬರೆದಾಯಿತು. ಕೊನೆಯ ವಾಕ್ಯ ಹೀಗಿದೆ: '1974ರಲ್ಲಿ ಲಿರಿಕ್ ಕಣ್ಣು ಮುಚ್ಚಿತು, ಆಮೇಲೆ ಹೇಳುವಂಥದ್ದು ಏನೂ ನಡೆಯಲಿಲ್ಲ.' ಮಿಸೆಸ್ ಲೇಸಿ ಓದಿ ಕಣ್ಣೊರೆಸಿಕೊಂಡರಂತೆ. ನಿಮ್ಮದೊಂದು ದೊಡ್ಡ ಫೋಟೋ ಸಿಕ್ಕಿದೆ, ಬೋ ಟೈ, ಎದೆಯಲ್ಲಿ ಬಿಳಿ ಹೂವು, ಪಕ್ಕದಲ್ಲಿ ಬಿಷಪ್ಪರು. ಯಾರು ಬಿಷಪ್ಪು ಯಾರು ಮ್ಯಾನೇಜರು ಎಂದು ಕೆಳಗೆ ಬರೆಯದಿದ್ದರೆ ಜನ ನಿಮ್ಮ ಕಾಲಿಗೇ ಬೀಳುತ್ತಾರೆ. ಅದನ್ನು ಬಾಗಿಲಿಗೆ ಎದುರಾಗಿ ಹಾಕುತ್ತೇವೆ, ಅದರ ಕೆಳಗೆ ನೀವು ನಿಲ್ಲುವಿರಿ.

ನಿಮ್ಮನ್ನು ಕೋಟಿಲ್ಲದ ಬರೀ ಅಂಗಿಯಲ್ಲಿ ನೋಡಿದವರು, ಹೆಸರು ಹಿಡಿದು ಕರೆದವರು ಹಾಲ್ಟನ್ ಗ್ರೀನಿನಲ್ಲಿ ಯಾರೂ ಇಲ್ಲ ಎಂದು ಮಾವಿಸ್ ಪಣ ಕಟ್ಟುತ್ತಾಳೆ. ಒಪ್ಪಿಗೆ ಕಳಿಸಿ.

ಲೆನ್ ಪರ್ಸ್ಲೋ

⁂

ಹಾಲ್ಟನ್ ಗ್ರೀನ್
20 ಮಾರ್ಚ್ 1981

ಪ್ರಿಯ ಪರ್ಸ್ಲೋ ಅವರೇ,

ನನ್ನ ಎದೆಯ ಕಫ ಹೆಚ್ಚಾಗಿದೆ. ಜನ ಸೇರುವ ಕಡೆ ಹೋಗಕೂಡದೆಂದು ಡಾಕ್ಟರರ ಅಪ್ಪಣೆ. ಮೇ 16ಕ್ಕೆ ನಾನು ಬರುವುದಿಲ್ಲ. ಆ ಫೋಟೋ ಹಾಕದಿದ್ದರೆ ಉಪಕಾರವಾಗುತ್ತದೆ. ಕಾರ್ಯಕ್ರಮವನ್ನು ಅಂಗಡಿಯ ಬದಲು ಗ್ರಂಥಾಲಯದಲ್ಲೇ ಇಟ್ಟುಕೊಳ್ಳುವುದು ಮೇಲು, ಅಂಗಡಿಯವರಿಗೆ ಶನಿವಾರ ವ್ಯಾಪಾರದ ಹೊತ್ತು.

ಎ. ಟಿಡ್ಮಾರ್ಶ್

⁂

ಅಬರಿಸ್ಟ್ವಿತ್
12 ಏಪ್ರಿಲ್ 1981

ಮಾನ್ಯ ಸರ್,

ಆರೋಗ್ಯ ಹೇಗಿದೆ? ಬಿಸಿನೀರಿನಲ್ಲಿ ಜೇನು ಹಾಕಿಕೊಂಡು ಕುಡಿಯಿರಿ ಎಂದು ಡಿಲಿಸ್ ಹೇಳುತ್ತಾಳೆ. ನಾನೇ ಒಂದು ಸಲ ಬಂದು ನೋಡಿಹೋಗೋಣವೆಂದಿದ್ದೆ, ರೈಲು, ಮಳೆ, ಮಂಡಿನೋವು, ಏನೇನೋ ಸೇರಿ ಆಗಲೇ ಇಲ್ಲ.

ಅಂದಹಾಗೆ ಮೇ 16ರ ಕಾರ್ಯಕ್ರಮದ ಬಗ್ಗೆ ನೀವು ತಲೆ ಕೆಡಿಸಿಕೊಳ್ಳಬೇಡಿ. ಗ್ರಂಥಾಲಯದವರ ಉತ್ಸಾಹ ಇಳಿದಿದೆ. ಬಹುಶಃ ಬಿಟ್ಟೇಬಿಡುತ್ತಾರೆ. ಒಳ್ಳೆಯದೇ ಆಯಿತು, ಹಳೆಯ ಕಥೆ ಯಾರಿಗೆ ಬೇಕು? ನೀವು ಆರಾಮವಾಗಿರಿ. ಈ ಸಲ ಇಲ್ಲಿ ವಸಂತ ಬೇಗ ಬಂದಿದೆ, ಹಳದಿ ಹೂಗಳು ತುಂಬ ಚೆನ್ನಾಗಿವೆ.

ನಿಮ್ಮ,
ಲೆನ್ ಪರ್ಸ್ಲೋ

⁂

ಹಾಲ್ಟನ್ ಗ್ರೀನ್
15 ಏಪ್ರಿಲ್ 1981

ಪರ್ಸ್ಲೋ,

ಹಳದಿ ಹೂಗಳ ಸುದ್ದಿ ನಿನ್ನ ಹತ್ತಿರವೇ ಇಟ್ಟುಕೋ.

ಹೋದ ವಾರ ಮಂಗಳವಾರ ಮಧ್ಯಾಹ್ನ ನೀನು ಅಂಗಡಿಗೆ ಬಂದಿದ್ದೆ. ತೂಗುಹಾಕಿದ ಕಂಬಳಿಹಾಸುಗಳ ಹಿಂದೆ ನಿಂತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೆ? ಇಪ್ಪತ್ತು ವರ್ಷ ಪರದೆಯ ಕೆಳಗೆ ಬೂಟು ನೋಡಿ ಕಳ್ಳರನ್ನು ಹಿಡಿದವನು ನಾನು. ನಿನ್ನ ಬೂಟು ನನಗೆ ಗೊತ್ತಾಗುವುದಿಲ್ಲವೆ? ಎಡಗಡೆಯದರ ಹಿಮ್ಮಡಿ ಯಾವಾಗಲೂ ಸವೆದಿರುತ್ತದೆ, ಮೆಟ್ಟಿಲು ಹತ್ತುವಾಗ ನೀನು ಎಳೆಯುತ್ತಿದ್ದೆ.

ಏನು ನೋಡಿದೆ ಅಂತ ನಾನೇ ಹೇಳುತ್ತೇನೆ. ಅಂಗಡಿಯ ಕಿತ್ತಳೆ ಬಣ್ಣದ ಸ್ವೆಟರು ತೊಟ್ಟ ಮುದುಕನನ್ನು ನೋಡಿದೆ. ಬೆನ್ನ ಮೇಲೆ 'ಕಾಲಿಟ್ಟು ನೋಡಿ!' ಎಂದು ಬರೆದಿದೆ. ಎದೆಯ ಮೇಲೆ 'ಆಂಬ್ರೋಸ್' ಎಂಬ ಪಟ್ಟಿ. ಆ ಕ್ಲೈವ್ ಎಂಬ ಹುಡುಗ, ನಮ್ಮ ಮ್ಯಾನೇಜರು, ನನ್ನ ಭುಜ ತಟ್ಟಿ, "ಆಂಬ್ರೋಸ್, ಆ ಬೆಡ್‌ರೂಮ್ ಪೀಸ್ ಸ್ವಲ್ಪ ಎತ್ಕೊಂಡ್ ಬಾ ಗುರು, ಆಮೇಲೆ ಟೀ ಹಾಕು" ಅಂದದ್ದನ್ನು ಕೇಳಿದೆ. ನಾನು ಮಂಡಿಯೂರಿ ಕೂತು ಅಳತೆಪಟ್ಟಿ ಹಿಡಿದದ್ದನ್ನು ನೋಡಿದೆ. ಅಷ್ಟು ಹೊತ್ತು ಯಾಕೆ ಅಳೆದೆನೆಂದು ನಿನಗೆ ಹೊಳೆಯಲಿಲ್ಲವೆ? ನಾನು ಬೆನ್ನು ತಿರುಗಿಸಿ ಕೂತಿರುವಾಗ ನೀನು ಮರ್ಯಾದೆಯಿಂದ ಹೊರಗೆ ಹೋಗಲಿ ಎಂದು! ಕೊಳ್ಳಲು ಬಂದಿದ್ದ ಆ ಹೆಂಗಸು, "ಏನ್ರೀ, ಕಾರ್ಪೆಟ್ ಬೆಳೀತಿದೆಯಾ?" ಎಂದು ಕೇಳಿಯೂ ಬಿಟ್ಟಳು.

ಈಗ ಎಲ್ಲ ಕೇಳಿಬಿಡು. ನೋರಾ ಹೋದ ಮೇಲೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮುಂದೆ ಹಾಕಲು ಒಂದು ಸಣ್ಣ ಹಾಸು ಬೇಕೆಂಬ ನೆಪ ಮಾಡಿಕೊಂಡು ಅಂಗಡಿಗೆ ಹೋದೆ. ಇಡೀ ಚಳಿಗಾಲ ಅದೊಂದು ಹಾಸನ್ನೇ ಆರಿಸಿದೆ. ಒಂದು ದಿನ ಕ್ಲೈವ್ ಬಂದು, "ತಾತ, ದಿನಾ ಬರ್ತೀರ, ಏನೂ ಕೊಳ್ಳಲ್ಲ. ಹೀಗೆ ಸುಮ್ನೆ ನಿಂತ್ಕೊಳೋ ಬದಲು ಕೆಲಸಾನೇ ಮಾಡ್ಬಿಡಿ" ಎಂದ. ತಮಾಷೆಗೆ ಅಂದಿದ್ದ. ನಾನು ಮರುದಿನ ಎಂಟಕ್ಕೇ ಹೋಗಿ ಬಾಗಿಲಲ್ಲಿ ನಿಂತೆ.

ಹಳೆಯ ಮಕ್ಕಳ ಆಟದ ಪುಂಡರು ಈಗ ಹೆಂಡತಿಯರನ್ನು ಕರೆದುಕೊಂಡು ಬರುತ್ತಾರೆ. ಮಿಸೆಸ್ ಹಾಲಿಸ್ ಎಂಬಾಕೆ ನನ್ನ ಮುಖ ದಿಟ್ಟಿಸಿ ನೋಡಿ, "ನೀವು ಲಿರಿಕ್ ಮ್ಯಾನೇಜರ್ ಅಲ್ವೇ?" ಅಂದಳು. ನಾನು ಏನಂದೆ ಗೊತ್ತೆ? "ಅಲ್ಲ ಮೇಡಂ, ಅವ್ರು ನಮ್ಮಣ್ಣ. ತೀರ್ಕೊಂಡ್ರು" ಅಂದೆ. ಆಕೆ ಪಾಪ, ಅಯ್ಯೋ ಎಂದು ನನ್ನ ಕೈ ಹಿಡಿದುಕೊಂಡಳು. ನನ್ನ ಸಾವಿಗೆ ನಾನೇ ಸಂತಾಪ ಸ್ವೀಕರಿಸುತ್ತ ನಿಂತಿದ್ದೆ. ಭೂಮಿ ಬಾಯಿ ಬಿಟ್ಟಿದ್ದರೆ ಅಂದೇ ಇಳಿದುಹೋಗುತ್ತಿದ್ದೆ. ಅದಕ್ಕೂ ದಾರಿಯಿಲ್ಲ, ಕಾಂಕ್ರೀಟು ಸುರಿದಿದ್ದಾರೆ.

ಆದರೂ ಅದೆಲ್ಲ ಸಹಿಸಿಕೊಂಡಿದ್ದೆ. ನಿನ್ನ ಬೂಟು ನೋಡಿದ ಮೇಲೆ ಆಗಲಿಲ್ಲ. ನಾನು ಸುಳ್ಳು ಹೇಳಿದ್ದು ಪರಿಚಯವಿಲ್ಲದವರಿಗೆ. ನೀನು ಅಡಗಿಕೊಂಡದ್ದು ನನ್ನಿಂದ. ಆಮೇಲೆ ಮನೆಗೆ ಹೋಗಿ ಕಾರ್ಯಕ್ರಮವೇ ಇಲ್ಲ ಎಂದು ಕಾಗದ ಬೇರೆ. ಆ ಕಾರ್ಯಕ್ರಮದ ಪ್ರಕಟಣೆಯನ್ನು ಇವತ್ತು ಬೆಳಿಗ್ಗೆ ನಾನೇ ಅಂಗಡಿಯ ಗಾಜಿಗೆ ಅಂಟಿಸಿದೆ.

ನಿನ್ನ ಚರಿತ್ರೆಯಲ್ಲಿ 1974ರ ಆಮೇಲೆ ಏನೂ ನಡೆಯಲಿಲ್ಲವಂತೆ. ಸರಿ, ಹಾಗೇ ಬರೆದುಕೋ.

ಟಿಡ್ಮಾರ್ಶ್

⁂

ಅಬರಿಸ್ಟ್ವಿತ್
26 ಏಪ್ರಿಲ್ 1981

ಸರ್,

ಮೂರು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ, ನಿಮಗೆ ಮುಜುಗರವಾಗಬಾರದೆಂದು ಅಡಗಿಕೊಂಡೆ ಎಂದು ಬರೆದಿದ್ದೆ. ಅದು ಸುಳ್ಳಲ್ಲ. ನಮ್ಮ ಕಡೆ ದೊಡ್ಡವರ ಮಾನ ಉಳಿಸುವುದೆಂದರೆ ನೋಡದವರ ಹಾಗೆ ಮಾಡುವುದೇ ಅಲ್ಲವೆ? ಅಪ್ಪನ ಪ್ಯಾಂಟು ಹರಿದಿದ್ದರೂ ನಮ್ಮಮ್ಮ ಅದನ್ನು ನೋಡದವಳಂತೆ ಇದ್ದು ಆಮೇಲೆ ಗುಟ್ಟಾಗಿ ಹೊಲಿದಿಡುತ್ತಿದ್ದಳು.

ಆದರೆ ಡಿಲಿಸ್ ಆ ಕಾಗದ ಓದಿ ಒಲೆಗೆ ಹಾಕಿದಳು. "ಲೆನ್, ಇದು ಅರ್ಧ. ಇನ್ನರ್ಧ ಬರಿ, ಇಲ್ಲಾಂದ್ರೆ ಬರೀಲೇಬೇಡ" ಅಂದಳು.

ಇನ್ನರ್ಧ ಇದು. ಫೋಟೋ ಹಾಕುವ ಗೋಡೆ ನೋಡೋಣವೆಂದು ಅಂಗಡಿಗೆ ಬಂದವನು ನಾನು. ನಿಮ್ಮನ್ನು ನೋಡಿದಾಗ ನನಗೆ ನಿಮ್ಮ ಬಗ್ಗೆಯೇ ನಾಚಿಕೆಯಾಯಿತು. ಆ ಹುಡುಗ ಭುಜ ತಟ್ಟಿದ, ನೀವು ನಗುತ್ತಾ ಎದ್ದಿರಿ. ನನಗೆ ಆ ನಗು ಸಹಿಸಲಾಗಲಿಲ್ಲ. ಊರೂರು ಸುತ್ತಿ, ಇಲ್ಲಿನ ಹೋಟೆಲಿನಲ್ಲಿ ಕೂತು, ನಮ್ಮ ಮ್ಯಾನೇಜರ್ ಎಂದರೆ ಹೀಗಿದ್ದರು ಹಾಗಿದ್ದರು ಎಂದು ಜಂಬ ಕೊಚ್ಚಿಕೊಂಡವನು ನಾನು. ನಿಮ್ಮ ದೊಡ್ಡಸ್ತಿಕೆಯಲ್ಲಿ ನನಗೂ ಒಂದು ಪಾಲಿದೆ ಎಂದುಕೊಂಡಿದ್ದೆ. ಆ ಸ್ವೆಟರು ಆ ಪಾಲನ್ನು ಕಿತ್ತುಕೊಂಡ ಹಾಗಾಯಿತು. ನಿಮಗೇನಾಗಿದೆ ಎಂದು ನಾನು ಕೇಳಲಿಲ್ಲ ಸರ್, ನನಗೇನಾಯಿತು ಎಂದೇ ನೋಡಿಕೊಂಡೆ. ರೈಲಿನಲ್ಲಿ ವಾಪಸು ಬರುವಾಗ ನನ್ನ ಮುಖವನ್ನು ಕಿಟಕಿಯ ಗಾಜಿನಲ್ಲಿ ನೋಡಲೂ ಮನಸ್ಸಾಗಲಿಲ್ಲ.

ಕಾರ್ಯಕ್ರಮ ಇದೆ. ನಿಮ್ಮ ಫೋಟೋ ಹಾಕಬಾರದೆಂದು ಮಿಸೆಸ್ ಲೇಸಿಗೆ ಹೇಳಿದ್ದೇನೆ, ಒಪ್ಪಲಿಲ್ಲ. ಆಕೆಗೆ ಕಾರಣ ಹೇಳಿಲ್ಲ. ಯಾರಿಗೂ ಹೇಳಿಲ್ಲ. ನೀವು ಅವತ್ತು ರಜೆ ತೆಗೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಲೆನ್

⁂

ಹಾಲ್ಟನ್ ಗ್ರೀನ್
5 ಮೇ 1981

ಲೆನ್,

ಶನಿವಾರ ರಜೆ ಕೊಡುವುದಿಲ್ಲ. ನಾನು ಕೇಳಿಯೂ ಇಲ್ಲ.

ಎ. ಟಿ.

⁂

ಹಾಲ್ಟನ್ ಗ್ರೀನ್
24 ಮೇ 1981

ಲೆನ್,

ಅವತ್ತು ನೀನು ರೈಲಿಗೆ ಹೊತ್ತಾಯಿತೆಂದು ಓಡಿದೆ, ಮಾತಾಡಲಾಗಲಿಲ್ಲ. ನೀನು ಬರುವುದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು.

ಬೆಳಿಗ್ಗೆ ಬಟ್ಟೆಯ ಬೀರು ತೆಗೆದು ಕಪ್ಪು ಸೂಟು ಹೊರಗಿಟ್ಟೆ. ತೊಟ್ಟೂ ನೋಡಿದೆ. ಈಗ ನಾನು ಅದರೊಳಗೆ ಬಾಡಿಗೆಗೆ ಇದ್ದ ಹಾಗೆ ಕಾಣುತ್ತೇನೆ. ಮತ್ತೆ ಸ್ವೆಟರನ್ನೇ ಹಾಕಿಕೊಂಡು ಹೋದೆ. ಧೈರ್ಯ ಬಂದಿತ್ತು ಅಂತ ತಿಳಿಯಬೇಡ. ಬಸ್ಸಿನಲ್ಲಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡಿದ್ದೆ.

ಮೊದಲು ಮಾವಿಸ್ ಬಂದಳು. ನನ್ನನ್ನು ನೋಡಿದಳು. ಸ್ವೆಟರು ನೋಡಿದಳು. ತಕ್ಷಣ ಬಗ್ಗಿ ಒಂದು ಬೂದು ಕಾರ್ಪೆಟ್ಟಿನ ತುದಿ ಮಡಿಚಿ, ಅದರ ಬೆನ್ನನ್ನು ಪರೀಕ್ಷಿಸತೊಡಗಿದಳು. ಮಿಸ್ ಗೋರ್ ಬಂದು ಅವಳ ಪಕ್ಕ ಬಗ್ಗಿದರು. ಆಮೇಲೆ ಐಸ್‌ಕ್ರೀಂ ತಟ್ಟೆ ಹೊತ್ತು ಮಾರುತ್ತಿದ್ದ ಜೋನ್, ಅವಳ ಗಂಡ, ಬಿಂಗೋ ಆಡಿಸುತ್ತಿದ್ದ ಇಬ್ಬರು. ಹತ್ತು ನಿಮಿಷದಲ್ಲಿ ಹಾಲ್ಟನ್ ಗ್ರೀನಿನ ಅರ್ಧ ಜನ ನನ್ನ ಸುತ್ತ ಬಗ್ಗಿ ನಿಂತು ಕಾರ್ಪೆಟ್ಟು ನೋಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಎಲ್ಲರೂ ನನ್ನ ಮಾನ ಉಳಿಸುತ್ತಿದ್ದರು! ಕ್ಲೈವ್ ಕಣ್ಣರಳಿಸಿ, "ಗುರು, ಇಷ್ಟು ವ್ಯಾಪಾರ ನಾನು ನೋಡೇ ಇಲ್ಲ" ಅಂದ. ಯಾರಾದರೂ ನಕ್ಕಿದ್ದರೆ ವಾಸಿಯಿತ್ತು.

ಆಗ ಆ ಮಿಸೆಸ್ ಹಾಲಿಸ್ ಬಂದಳು. ನೇರವಾಗಿ ಫೋಟೋದ ಮುಂದೆ ನಿಂತು, ಕೈಚೀಲ ಎದೆಗೊತ್ತಿಕೊಂಡು, "ನಿಮ್ಮಣ್ಣ ಎಷ್ಟು ಚೆಂದ ಇದ್ರು ನೋಡಿ. ಚರ್ಚಿನಲ್ಲಿ ಅವ್ರಿಗೋಸ್ಕರ ಮೇಣದಬತ್ತಿ ಹಚ್ಚಿಸಿದ್ದೆ ನಾನು" ಅಂದಳು. ಗಟ್ಟಿಯಾಗಿ ಅಂದಳು. ಬಗ್ಗಿದ್ದ ಬೆನ್ನುಗಳೆಲ್ಲ ಕಲ್ಲಾದವು. ಮಾವಿಸಳ ಕಿವಿ ಕೆಂಪಾದದ್ದು ನನಗೆ ಕಂಡಿತು.

ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರು ಯಾರೂ ಬಾಯಿ ಬಿಡುತ್ತಿರಲಿಲ್ಲ, ಸಾಯುವವರೆಗೆ ಅದನ್ನು ಮುಚ್ಚಿಡುತ್ತಿದ್ದರು. ಅಷ್ಟೊಂದು ಜನ ಸೇರಿ ನನ್ನನ್ನು ಸತ್ತವನೆಂದು ಒಪ್ಪಿಕೊಳ್ಳುವುದಕ್ಕೆ ಸಿದ್ಧರಾಗಿದ್ದರು, ಅದೂ ಪ್ರೀತಿಯಿಂದ. ಅದು ನನಗೆ ತಡೆಯಲಾಗಲಿಲ್ಲ.

"ಅದು ನಾನೇ ಮೇಡಂ. ಅಣ್ಣ ಯಾರೂ ಇಲ್ಲ. ನಿಮ್ಗೆ ಸುಳ್ಳು ಹೇಳ್ದೆ, ನಾಚ್ಕೆ ಆಗಿತ್ತು" ಅಂದೆ.

ಆಕೆ ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಹಾಗಾದ್ರೆ ನನ್ನ ಮೇಣದಬತ್ತಿ?" ಅಂದಳು. ಇನ್ನೊಂದು ಸಲಕ್ಕೆ ಇರಲಿ ಬಿಡಿ ಅಂದೆ. ಆಕೆ ನಗಲಿಲ್ಲ, ಮುಖ ತಿರುಗಿಸಿಕೊಂಡು ಹೊರಟುಹೋದಳು. ಅವಳ ತಪ್ಪಲ್ಲ. ಅವಳಿಗೆ ನಾನು ಮಾಡಿದ್ದು ಕ್ಷಮಿಸುವಂಥದ್ದಲ್ಲ, ಇವತ್ತಿಗೂ ನೆನೆದರೆ ತಲೆ ತಗ್ಗುತ್ತದೆ.

ಆಗ ನೀನು ಬಂದೆ. ಮುಂಬಾಗಿಲಿನಿಂದಲೇ ಬಂದೆ, ಅದನ್ನು ಗಮನಿಸಿದೆ. ಎಲ್ಲರೂ ಬಗ್ಗಿದ್ದಾಗ ನೀನೊಬ್ಬ ನೆಟ್ಟಗೆ ನಡೆದು ಬಂದು, ಇಡೀ ಊರಿಗೆ ಕೇಳುವ ಹಾಗೆ, "ಟಿಡ್ಮಾರ್ಶ್ ಸರ್, ನಮ್ಮನೆ ಮೆಟ್ಟಿಲಿಗೆ ಕಾರ್ಪೆಟ್ ಬೇಕು. ನೀವೇ ಆರಿಸಿ ಕೊಡ್ಬೇಕು, ಬೇರೆ ಯಾರೂ ಬೇಡ" ಅಂದೆ. ನಾನು ಮಂಡಿಯೂರಿದೆ. ಈ ಸಲ ನೀನೂ ಪಕ್ಕದಲ್ಲಿ ಮಂಡಿಯೂರಿ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡೆ. ಆಮೇಲೆ ಮಾವಿಸ್ ತಲೆ ಎತ್ತಿ, "ಸರ್, ಆ ಕಿತ್ತಳೆ ಬಣ್ಣ ನಿಮ್ಗೆ ಒಪ್ಪಲ್ಲ ಬಿಡಿ" ಅಂದಳು. ಅಬ್ಬಾ, ಒಬ್ಬಳಾದರೂ ಬೈದಳಲ್ಲ ಎಂದು ಜೀವ ಬಂದ ಹಾಗಾಯಿತು.

ನಿನ್ನ ಚರಿತ್ರೆಯ ಕೊನೆಯ ವಾಕ್ಯ ಹೊಡೆದುಹಾಕಿದ್ದೀಯಂತೆ, ಮಿಸೆಸ್ ಲೇಸಿ ಹೇಳಿದರು. ಅದರ ಬದಲಿಗೆ ಏನು ಬರೆದೆ ಎಂದು ನಾನು ಕೇಳಲಿಲ್ಲ. ಅಚ್ಚಾದ ಮೇಲೆ ಓದುತ್ತೇನೆ.

ನಿನ್ನೆ ಡಿಲಿಸಳ ಕಾಗದ ಬಂತು. ಉದ್ದನೆಯ ಕಡುಗೆಂಪು ಮೆಟ್ಟಿಲು ಹಾಸೊಂದು ವ್ಯಾನಿನಲ್ಲಿ ಬಂದು ಮನೆಯ ಮುಂದೆ ಬಿದ್ದಿದೆಯಂತೆ. ನಿಮ್ಮ ಮನೆಯಲ್ಲಿ ಮಹಡಿಯೇ ಇಲ್ಲವಂತೆ, ಮೆಟ್ಟಿಲು ಎಂಬುದು ಹಿತ್ತಲ ಬಾಗಿಲಿನ ಹತ್ತಿರ ಒಂದೇ ಒಂದು ಇದೆಯಂತೆ, ಅದೂ ಸಿಮೆಂಟಿನದು. ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಾಳೆ.

ಅವಳಿಗೆ ಹೇಳು. ಒಮ್ಮೆ ಕತ್ತರಿಸಿದ್ದನ್ನು ಅಂಗಡಿ ವಾಪಸು ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳುವುದಿಲ್ಲ.

ಆಂಬ್ರೋಸ್